ಬಚ್ಚಲಿನ ಕಂಬಿ

ಇಪ್ಪತ್ತೊಂಬತ್ತು ವರ್ಷ ಜನರನ್ನು ಮೇಲಕ್ಕೂ ಕೆಳಕ್ಕೂ ಸುರಕ್ಷಿತವಾಗಿ ಸಾಗಿಸಿದ ಲಿಫ್ಟ್ ಮೇಸ್ತ್ರಿ ವಾಸವಿದ್ದ ಕಟ್ಟಡದಲ್ಲೇ ಲಿಫ್ಟ್ ಇರಲಿಲ್ಲ. ಮನೆ ಎರಡನೆಯ ಮಹಡಿಯಲ್ಲಿ, ಮೂವತ್ತೆರಡು ಮೆಟ್ಟಿಲು ಹತ್ತಬೇಕು. ಕೆಲಸದಲ್ಲಿದ್ದಾಗ ಅವನೇ ಇದನ್ನು ಎಲ್ಲರಿಗೂ ಹೇಳಿ ನಗಿಸುತ್ತಿದ್ದ. ಕೆಲಸ ಬಿಟ್ಟ ಮೇಲೆ ಆ ಮಾತನ್ನು ಯಾರಾದರೂ ಎತ್ತಿದರೆ ಅವನ ಮುಖ ಸಣ್ಣದಾಗುತ್ತಿತ್ತು.

ಕಾಯಿಲೆ ಕಿವಿಯ ಒಳಗಿನದು. ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಆದರೆ ಬಗ್ಗಿದರೆ, ಇಲ್ಲವೇ ತಟ್ಟನೆ ತಲೆ ಹೊರಳಿಸಿದರೆ, ಕಾಲ ಕೆಳಗಿನ ನೆಲವನ್ನೇ ಯಾರೋ ಎಳೆದಂತಾಗುತ್ತಿತ್ತು. ಅಂಥವನನ್ನು ಹತ್ತು ಮಹಡಿ ಎತ್ತರದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಲ್ಲಿಸಲು ಯಾವ ಕಂಪನಿ ಒಪ್ಪುತ್ತದೆ? ವೈದ್ಯರು ಒಂದು ಕಾಗದ ಬರೆದರು, ಕಂಪನಿ ಇನ್ನೊಂದು ಬರೆಯಿತು, ಐವತ್ನಾಲ್ಕನೆಯ ವಯಸ್ಸಿಗೆ ಮೇಸ್ತ್ರಿ ಮನೆಗೆ ಬಂದು ಕೂತ.

ಕೂರಬೇಡಿ ಎಂಬುದೇ ವ್ಯಾಯಾಮ ಕಲಿಸುವ ಡಾಕ್ಟರಮ್ಮನ ಮೊದಲ ಅಪ್ಪಣೆಯಾಗಿತ್ತು. "ಕೂತಷ್ಟೂ ತಲೆಸುತ್ತು ಜಾಸ್ತಿ ಆಗುತ್ತೆ. ದಿನಾ ನಲವತ್ತು ನಿಮಿಷ ನಡೀರಿ. ಹೊರಗೆ ಹೋಗುವಾಗ ಕೋಲಿರಲಿ. ಮನೇಲಿ ಒಂದು ಗೆರೆ ಮೇಲೆ, ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ನಡೀರಿ, ತಲೆ ಆಚೆ ಈಚೆ ತಿರುಗಿಸ್ತಾ. ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸಿ. ಸ್ಟೂಲ್ ಹತ್ತಬೇಡಿ, ಚಿಲಕ ಹಾಕ್ಕೊಬೇಡಿ."

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹೆಂಡತಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗ ನೋಡಿಕೊಳ್ಳುತ್ತಿದ್ದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಜಾರದ ಉದ್ದಕ್ಕೂ ಒಂದು ಗೆರೆ ಎಳೆದು ಕೆಲಸಕ್ಕೆ ಹೋದಳು. ಎಪ್ಪತ್ತೆಂಟು ವರ್ಷದ ತಾಯಿ ಆ ಗೆರೆಯ ಮೇಲೆ ಎರಡು ಸಲ ಸಲೀಸಾಗಿ ಓಡಾಡಿ ತೋರಿಸಿ, "ಇಷ್ಟೇ ಅಲ್ವೇನೋ?" ಎಂದಳು.

"ನಿನಗೇನಮ್ಮ, ನಿನ್ನ ಕಿವಿ ಗಟ್ಟಿಯಾಗಿದೆ."

"ಬಾಯೂ ಗಟ್ಟಿ ಇದೆ. ನಡಿ, ನಾನು ಲೆಕ್ಕ ಹಿಡೀತೀನಿ."

ಮೇಸ್ತ್ರಿ ಕಿಟಕಿ ಪರದೆ ಎಳೆದು, ಬಾಗಿಲು ಮುಚ್ಚಿ, ಕುಡಿದವನಂತೆ ತೂರಾಡುತ್ತ ನಡೆದ. ಹೊರಗಿನ ನಡಿಗೆಗೆ ಬೆಳಕು ಸರಿಯಾಗಿ ಹರಿಯುವ ಮುಂಚೆಯೇ ಹಿಂದಿನ ಓಣಿಗೆ ಇಳಿಯುತ್ತಿದ್ದ. ಅಲ್ಲಿ ನಾಯಿಗಳನ್ನು ಬಿಟ್ಟರೆ ಅವನ ಗುರುತಿನವರು ಯಾರೂ ಇರಲಿಲ್ಲ. ಕೋಲು ಬಾಗಿಲ ಹಿಂದೆ ಪೊರಕೆಯ ಜೊತೆ ನಿಂತಿತ್ತು.

"ಅಪ್ಪ, ಕೋಲು ತಗೊಂಡು ಹೋದ್ಯಾ?"

"ಹೂಂ."

"ಮತ್ತೆ ಅದರ ಮೇಲೆ ಜೇಡ ಬಲೆ ಕಟ್ಟಿದೆ?"

ಮೇಸ್ತ್ರಿ ಪತ್ರಿಕೆ ಎತ್ತಿ ಮುಖಕ್ಕೆ ಹಿಡಿದ. ನಾಚಿಕೆಗೆ ಕಾರಣವೂ ಇತ್ತು. ವೃದ್ಧಾಶ್ರಮದ ಲಿಫ್ಟಿನಲ್ಲಿ ಗೋಡೆಗೆ ಕಂಬಿ ಕೂರಿಸುವಾಗಲೆಲ್ಲ ಅವನೇ ಹುಡುಗರಿಗೆ, "ಗಟ್ಟಿಯಾಗಿ ಕೂರಿಸ್ರೋ, ಇದು ಜೀವ ಹಿಡಿದು ನೇತಾಡೋರ ಕಂಬಿ," ಎಂದು ಹೇಳಿ ನಗುತ್ತಿದ್ದ. ಈಗ ಅಂಥದ್ದೇ ಒಂದು ಅವನ ಬಚ್ಚಲಿಗೆ ಬಂತು.

ಕೂರಿಸಿದವನು ಹತ್ತಿರದ ದೊಡ್ಡ ಬೀದಿಯ ಪ್ಲಂಬರ್. ನಲ್ಲಿಯ ಪಕ್ಕ, ನಿಂತವರ ಎದೆಮಟ್ಟಕ್ಕೆ ಬರುವಂತೆ ಉದ್ದಕ್ಕೆ ನಿಲ್ಲಿಸಿದ ಸ್ಟೀಲ್ ಕಂಬಿ. ಮೇಲೆ ಎರಡು ಸ್ಕ್ರೂ, ಕೆಳಗೆ ಎರಡು, ಸ್ಕ್ರೂ ಕಾಣದಂತೆ ಎರಡು ಕಡೆಯೂ ಗುಂಡನೆಯ ಮುಚ್ಚಳ. ಮೇಸ್ತ್ರಿ ಪಕ್ಕದಲ್ಲೇ ನಿಂತು ಒಂದೊಂದು ಸ್ಕ್ರೂವನ್ನೂ ನೋಡಿದ, ಹಳೆಯ ಅಭ್ಯಾಸ. ಪ್ಲಂಬರ್ ಕಂಬಿಗೆ ಜೋತುಬಿದ್ದು ತೋರಿಸಿದ. "ಆನೆ ಕಟ್ಟಿದ್ರೂ ಅಲ್ಲಾಡಲ್ಲ ಸಾರ್."

"ನಮ್ಮನೇಲಿ ಆನೆ ಸ್ನಾನ ಮಾಡಲ್ಲಪ್ಪ," ಎಂದಳು ತಾಯಿ. "ನನಗಂತೂ ಅದು ಬೇಡ. ಇವನಿಗೆ ಸಾಕು."

ಆದರೆ ಮಾರನೆಯ ದಿನದಿಂದಲೇ ಅವಳು ಅದನ್ನು ಹಿಡಿದು ಸ್ನಾನ ಮಾಡತೊಡಗಿದಳು. ಯಾರಿಗೂ ಹೇಳಲಿಲ್ಲ. ಮೊಣಕಾಲು ಎರಡು ವರ್ಷದಿಂದ ನೋಯುತ್ತಿದ್ದದ್ದನ್ನೂ ಅವಳು ಹೇಳಿರಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ, ಮೇಸ್ತ್ರಿಯ ಹಳೆಯ ತಂಡದ ಮೂವರು ನೋಡಲು ಬರುತ್ತೇವೆಂದು ಫೋನ್ ಮಾಡಿದರು. ಮೂವರಲ್ಲಿ ಒಬ್ಬ ಈಗ ಮೇಸ್ತ್ರಿಯ ಜಾಗದಲ್ಲಿದ್ದ. ಅವರಿಗೆಲ್ಲ ಮೇಸ್ತ್ರಿ, "ಏನಿಲ್ಲ ಕಣ್ರೋ, ಸ್ವಲ್ಪ ಕಿವಿ ತೊಂದರೆ. ಎರಡು ತಿಂಗಳಲ್ಲಿ ಸರಿ ಹೋಗುತ್ತೆ," ಎಂದು ಹೇಳಿದ್ದ. ಹೆಂಡತಿ ತರಕಾರಿ ತರಲು ಹೋಗಿದ್ದಳು, ಮಗಳು ಅಂಗಡಿಯಲ್ಲಿದ್ದಳು, ತಾಯಿ ಒಲೆಯ ಮುಂದಿದ್ದಳು. ಮೇಸ್ತ್ರಿ ಹಜಾರದ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಫ್ರಿಜ್ಜಿನ ಚೀಟಿ ಕಿತ್ತು ಮಡಚಿಟ್ಟ. ಕೋಲನ್ನು ಮಂಚದ ಕೆಳಗೆ ತಳ್ಳಿದ. ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಬಚ್ಚಲಿಗೆ ಹೋಗಿ ಕಂಬಿ ಬಿಚ್ಚಿದ. ಯಾರಾದರೊಬ್ಬರು ಕೈ ತೊಳೆಯಲು ಅಲ್ಲಿಗೆ ಹೋಗಿಯೇ ಹೋಗುತ್ತಾರೆ. ನಾಲ್ಕು ಸ್ಕ್ರೂಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಗೋಡೆಯ ತೂತುಗಳು ಕಾಣದಂತೆ ಟವೆಲ್ ನೇತುಹಾಕಿದ.

ಬಂದವರು ಚಹಾ ಕುಡಿದರು, ಮೊಟ್ಟೆ ತಿಂದರು, ನಕ್ಕರು. "ಏನಣ್ಣ, ಗುಂಡುಕಲ್ಲಿನ ಹಾಗಿದ್ದೀರಿ! ಸುಮ್ಮನೆ ಕಳ್ಳ ರಜಾ ಹಾಕಿದ್ದೀರಿ," ಎಂದರು. ಮೇಸ್ತ್ರಿಗೆ ಒಂದು ಗಂಟೆ ಹೊತ್ತು ಮೈಯಲ್ಲಿ ಹಳೆಯ ಬಲವೇ ಬಂದಂತಾಯಿತು.

ಅವರು ಹೋದ ಮೇಲೆ ಕಂಬಿ ಮತ್ತೆ ಕೂರಿಸಲು ನಿಂತ. ಮೇಲಿನ ಎರಡು ಸ್ಕ್ರೂ ಹಾಕಿದ. ಕೆಳಗಿನದಕ್ಕೆ ಬಗ್ಗಿದಾಗ ಗೋಡೆ ಗಿರ್ರೆಂದು ತಿರುಗಿತು. ಬಕೆಟ್ಟಿನ ಅಂಚು ಹಿಡಿದು ನೆಲದ ಮೇಲೆ ಕೂತ. ಅಷ್ಟರಲ್ಲಿ ಹೆಂಡತಿ, "ರೀ, ಊಟಕ್ಕೆ ಬನ್ನಿ," ಎಂದು ಕೂಗಿದಳು. ಅವನು ಎರಡೂ ಕಡೆಯ ಮುಚ್ಚಳ ಒತ್ತಿ ಮುಚ್ಚಿ, ನಾಳೆ ಹಾಕಿದರಾಯಿತು ಎಂದು ಎದ್ದು ಬಂದ.

ಅವನ ಕಸುಬಿನಲ್ಲಿ ಇದಕ್ಕೊಂದು ಕಟ್ಟುನಿಟ್ಟು ಇತ್ತು. ಕೆಲಸ ಅರ್ಧಕ್ಕೆ ನಿಂತರೆ ಮುಚ್ಚಳ ಮುಚ್ಚಬಾರದು, ಕೆಂಪು ಚೀಟಿ ಕಟ್ಟಬೇಕು. ಒಮ್ಮೆ ಚೀಟಿ ಕಟ್ಟದೆ ಮುಚ್ಚಳ ಮುಚ್ಚಿದ ಒಬ್ಬನನ್ನು ಇದೇ ಮೇಸ್ತ್ರಿ ಎಲ್ಲರೆದುರು ಬೈದು ಒಂದು ವಾರ ಮನೆಗೆ ಕಳಿಸಿದ್ದ. ಅವನೇ ಈಗ ಮೇಸ್ತ್ರಿಯ ಜಾಗದಲ್ಲಿ ಇರುವವನು. ಆದರೆ ಮನೆಯ ಬಚ್ಚಲಲ್ಲಿ ಕೆಂಪು ಚೀಟಿ ಕಟ್ಟಿದರೆ, ಯಾಕೆ ಬಿಚ್ಚಿದೆ ಎಂದು ಮೂವರು ಹೆಂಗಸರೂ ಕೇಳುತ್ತಾರಲ್ಲ!

ಸೋಮವಾರ ನೋಡಿದರೆ ಆ ಅಂಗಿ ಒಗೆದು ಹಗ್ಗದ ಮೇಲಿತ್ತು. ಜೇಬಿನಲ್ಲಿ ಸ್ಕ್ರೂ ಇರಲಿಲ್ಲ. ಹೊಸದು ತರಬೇಕಾದರೆ ದೊಡ್ಡ ಬೀದಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಬೇಕು, ಹಗಲು ಹೊತ್ತಿನಲ್ಲಿ, ಆ ನೂಕುನುಗ್ಗಲಿನಲ್ಲಿ, ಕೋಲು ಹಿಡಿದು. ಸೋಮವಾರ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಎರಡು ದಿನವೂ ತಾನು ಮಾತ್ರ ಕಂಬಿ ಮುಟ್ಟದೆ, ಗೋಡೆಗೆ ಕೈ ಕೊಟ್ಟು ಸ್ನಾನ ಮುಗಿಸಿದ. ಮನೆಯಲ್ಲಿ ಯಾರಿಗೂ ಒಂದು ಮಾತು ಹೇಳಲಿಲ್ಲ.

ಬುಧವಾರ ಬೆಳಗ್ಗೆ ಬಚ್ಚಲಿಂದ ದಡಾರನೆ ಸದ್ದು ಬಂತು. ತಾಯಿ ನೆಲದ ಮೇಲೆ ಬಿದ್ದಿದ್ದಳು. ಕಿತ್ತು ಬಂದ ಕಂಬಿ ಅವಳ ಎಡಗೈಯಲ್ಲಿ ಹಾಗೇ ಇತ್ತು. ಬಲಗೈಯ ಮಣಿಕಟ್ಟು ಸೊಟ್ಟಗಾಗಿತ್ತು.

"ಬೈಬೇಡ್ರೇ," ಎಂದಳು ಅವಳು ಮೊದಲು. "ನನಗೇನು ಗೊತ್ತು, ನನ್ನ ಭಾರಕ್ಕೆ ಕಿತ್ತು ಬರುತ್ತೆ ಅಂತ."

ಆಸ್ಪತ್ರೆಯಲ್ಲಿ ಅಜ್ಜಿಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಸಂಜೆಯೇ ಮಗಳು ಪ್ಲಂಬರನ ಅಂಗಡಿಗೆ ನುಗ್ಗಿದಳು. ಗಿರಾಕಿಗಳ ಮುಂದೆಯೇ, "ಆನೆ ಕಟ್ಟಿದ್ರೂ ಅಲ್ಲಾಡಲ್ಲ ಅಂದ್ರಲ್ಲ, ನಲವತ್ತೈದು ಕೆಜಿ ಅಜ್ಜಿ ಹಿಡಿದಿದ್ದಕ್ಕೇ ಕಿತ್ತು ಬಂತಲ್ಲ!" ಎಂದು ಕೂಗಾಡಿದಳು. ಪ್ಲಂಬರ್ ಇದ್ದ ಕೆಲಸ ಬಿಟ್ಟು ಅವಳ ಹಿಂದೆಯೇ ಬಂದು, ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಗೋಡೆ ನೋಡಿದ.

"ಕೆಳಗಿನ ತೂತಲ್ಲಿ ಸ್ಕ್ರೂ ಇಲ್ವೇ ಇಲ್ಲ. ನಾನು ನಾಲ್ಕು ಹಾಕಿದ್ದೆ."

"ಹಾಕಿದ್ರೆ ಎಲ್ಲಿ ಹೋಯ್ತು? ಗೋಡೆ ನುಂಗ್ತಾ?"

"ಅಮ್ಮಾ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ." ಪ್ಲಂಬರ್ ಮೇಸ್ತ್ರಿಯ ಕಡೆ ತಿರುಗಿದ. "ಸಾರ್, ನೀವೇ ಪಕ್ಕದಲ್ಲಿ ನಿಂತು ನೋಡಿದ್ರಿ. ನೀವೂ ಕಸುಬು ಗೊತ್ತಿರೋರು. ಹೇಳಿ ಸಾರ್, ನಾಲ್ಕು ಹಾಕಿದ್ನೋ ಇಲ್ವೋ?"

ಪ್ಲಂಬರ್, ಹೆಂಡತಿ, ಮಗಳು ಮೂವರೂ ಮೇಸ್ತ್ರಿಯ ಮುಖ ನೋಡಿದರು. ಮಂಚದ ಮೇಲಿಂದ ತಾಯಿಯೂ ನೋಡಿದಳು.

"ಆವತ್ತು ನನಗೆ ತಲೆ ಸುತ್ತುತ್ತಿತ್ತು," ಎಂದ ಮೇಸ್ತ್ರಿ. "ಸರಿಯಾಗಿ ನೋಡ್ಲಿಲ್ಲ."

ಊರಿನವರಿಂದೆಲ್ಲ ಬಚ್ಚಿಟ್ಟ ತಲೆಸುತ್ತನ್ನು ಅವನು ಮೊದಲ ಸಲ ಹೊರಗಿನವರ ಮುಂದೆ ಒಪ್ಪಿಕೊಂಡದ್ದು ಹೀಗೆ, ಒಂದು ಸುಳ್ಳಿಗಾಗಿ. ಪ್ಲಂಬರ್ ಚೀಲ ಹೆಗಲಿಗೇರಿಸಿ ಇಳಿದು ಹೋದ. ಆ ವಾರವೇ ಕಟ್ಟಡದ ಕಾರ್ಯದರ್ಶಿ ನೀರಿನ ಟ್ಯಾಂಕಿನ ಹೊಸ ಪೈಪಿನ ಕೆಲಸವನ್ನು ಅವನ ಕೈಯಿಂದ ತೆಗೆದು ಬೇರೆಯವನಿಗೆ ಕೊಟ್ಟರು.

ಹೆಂಡತಿ, ಮಗಳು ಕೆಲಸಕ್ಕೆ ಹೋದ ಮೇಲೆ ತಾಯಿಯನ್ನು ನೋಡಿಕೊಳ್ಳುವುದು ಮೇಸ್ತ್ರಿಯ ಪಾಲಿಗೆ ಬಂತು. ಗಂಜಿ ಬೇಯಿಸಿದ, ಆರಿಸಿದ, ಚಮಚದಿಂದ ಬಾಯಿಗಿಟ್ಟ. ತಲೆ ಬಾಚಿದ. ಮಾತ್ರೆ ಕೊಟ್ಟ. ಕೂರಲು ಹೊತ್ತೇ ಇಲ್ಲದಷ್ಟು ಓಡಾಟವಾಯಿತು, ಡಾಕ್ಟರಮ್ಮ ನೋಡಿದ್ದರೆ ಮೆಚ್ಚುತ್ತಿದ್ದರು. ಹೆಂಡತಿ ಕೂಡ, "ಪಾಪ, ನಿಮ್ಮ ಮೈ ಸರಿಯಿಲ್ಲದಿದ್ರೂ ಎಷ್ಟು ಮಾಡ್ತಿದ್ದೀರಿ," ಎಂದಳು. ಆ ಮಾತು ಕೇಳಿ ಅವನು ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದ.

"ಯಾಕಪ್ಪ, ತಲೆ ಸುತ್ತುತ್ತಾ?" ಎಂದಳು ಮಗಳು.

"ಹೂಂ."

ಆ ದಿನಗಳಲ್ಲಿ ಎಲ್ಲ ಪ್ರಶ್ನೆಗೂ ಅವನ ಬಳಿ ಅದೊಂದೇ ಉತ್ತರವಿತ್ತು. ಹಿಂದಿನ ಓಣಿಯ ನಡಿಗೆಯನ್ನೂ ಬಿಟ್ಟ. ಓಣಿಯ ತುದಿಯಿಂದ ಪ್ಲಂಬರನ ಅಂಗಡಿ ಕಾಣುತ್ತಿತ್ತು. ಕಿಟಕಿಯಿಂದ ಒಮ್ಮೆ ಇಣುಕಿದಾಗ ಪ್ಲಂಬರ್ ಅಂಗಡಿಯ ಮುಂದೆ ಕೈಕಟ್ಟಿ ಕೂತಿದ್ದ. ಕೆಲಸವಿಲ್ಲದೆ ಕೂರುವುದು ಹೇಗಿರುತ್ತದೆ ಎಂಬುದು ಮೇಸ್ತ್ರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಿದ್ದ ಹನ್ನೊಂದನೆಯ ದಿನ ಮಧ್ಯಾಹ್ನ, ತಾಯಿಯ ಕೈಯನ್ನು ಕತ್ತಿಗೆ ತೂಗುಹಾಕಿದ ಬಟ್ಟೆ ಸಡಿಲವಾಯಿತು.

"ಪಿನ್ನು ಬೇಕು ಕಣೋ. ನನ್ನ ಡಬ್ಬಿ ತಗೊಂಡು ಬಾ, ಅದರಲ್ಲಿದೆ."

ಅದು ಹಳೆಯ ಬಿಸ್ಕತ್ತಿನ ತಗಡು ಡಬ್ಬಿ. ಮೇಸ್ತ್ರಿಯ ಬಟ್ಟೆ ನೆನೆಹಾಕುವ ಮುಂಚೆ ಜೇಬು ತಡಕುವುದು ತಾಯಿಯ ರೂಢಿ. ಇಪ್ಪತ್ತೊಂಬತ್ತು ವರ್ಷ ಸಿಕ್ಕ ಸ್ಕ್ರೂ, ನಟ್ಟು, ವಾಷರನ್ನೆಲ್ಲ ಅವಳು ಆ ಡಬ್ಬಿಗೆ ಹಾಕಿಡುತ್ತಿದ್ದಳು. ಮೇಸ್ತ್ರಿ ಮುಚ್ಚಳ ತೆಗೆದ. ತುಕ್ಕು ಹಿಡಿದ ರಾಶಿಯ ಮೇಲೆ ಹೊಚ್ಚಹೊಸ ಸ್ಟೀಲ್ ಸ್ಕ್ರೂ ಎರಡು ಇದ್ದವು. ಅವನ ಕೈ ಅಲ್ಲೇ ನಿಂತಿತು.

"ಅವಾ?" ಎಂದಳು ತಾಯಿ. "ನಿನ್ನ ಸ್ನೇಹಿತರು ಬಂದಿದ್ರಲ್ಲ, ಅದರ ಮಾರನೇ ದಿನ ಸಿಕ್ಕಿದ್ದು. ಎಷ್ಟೋ ತಿಂಗಳಾಗಿತ್ತು ನಿನ್ನ ಜೇಬಲ್ಲಿ ಸ್ಕ್ರೂ ಸಿಕ್ಕಿ. ಮಗ ಮತ್ತೆ ಏನೋ ಕೆಲಸ ಶುರು ಮಾಡ್ದ ಅಂದ್ಕೊಂಡೆ. ಖುಷಿಯಾಯ್ತು ಕಣೋ. ಕೇಳಿದ್ರೆ ಎಲ್ಲಿ ಸಿಡುಕ್ತೀಯೋ ಅಂತ ಸುಮ್ಮನಿದ್ದೆ."

ಮೇಸ್ತ್ರಿ ಆ ಎರಡು ಸ್ಕ್ರೂಗಳನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡ.

"ಆ ಕಂಬಿದಲ್ವೇನೋ ಅವು?"

"ಹೌದಮ್ಮ," ಎಂದ ಅವನು. ಹೇಳಿದವನೇ ಮಂಚದ ಕಾಲಿನ ಬಳಿ ಕುಸಿದು ಕೂತು, ಭಾನುವಾರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಗೆರೆ ಒರೆಸಿದ್ದು, ಟವೆಲ್ ನೇತುಹಾಕಿದ್ದು, ಎರಡು ದಿನ ತಾನೊಬ್ಬನೇ ಕಂಬಿ ಮುಟ್ಟದೆ ಸ್ನಾನ ಮಾಡಿದ್ದು. ಆ ಕೊನೆಯದಕ್ಕಿಂತ ಹೇಯವಾದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ತಾಯಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನನ್ನ ಕೈ ಕೂಡಿಕೊಳ್ಳುತ್ತೆ. ಆರು ವಾರ ಅಂದ್ರಲ್ಲ ಡಾಕ್ಟ್ರು. ಆ ಪ್ಲಂಬರನ ಮರ್ಯಾದೆ ಎಷ್ಟು ವಾರಕ್ಕೆ ಕೂಡುತ್ತೆ? ಪಿನ್ನು ಕೊಡು, ಕೈ ನೋಯ್ತಿದೆ."

ಆ ಸಂಜೆ ಊಟದ ಹೊತ್ತಿಗೆ ಮೇಸ್ತ್ರಿ ಎರಡು ಸ್ಕ್ರೂಗಳನ್ನು ತಟ್ಟೆಯ ಪಕ್ಕ ಇಟ್ಟ. ಮಾತು ಮುಗಿಯುವ ಹೊತ್ತಿಗೆ ಸಾರು ಆರಿತ್ತು.

"ಅಪ್ಪ!" ಮಗಳು ತಟ್ಟೆ ತಳ್ಳಿದಳು. "ಅಷ್ಟು ಜನರ ಮುಂದೆ ಬಾಯಿಗೆ ಬಂದ ಹಾಗೆ ಅಂದು ಬಂದೆ ಆ ಮನುಷ್ಯನಿಗೆ! ನೀನು ಇಲ್ಲೇ ನಿಂತಿದ್ದೆ, ಒಂದು ಮಾತು ಆಡ್ಲಿಲ್ಲ!"

"ಹೂಂ."

"ಏನು ಹೂಂ? ಇನ್ನು ಆ ಬೀದೀಲಿ ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ?"

"ನಿನ್ನದೇನು ತಪ್ಪಿದೆ," ಎಂದ ಮೇಸ್ತ್ರಿ.

"ಅವಳ ತಪ್ಪಿಲ್ಲ, ನನ್ನದಿದೆ," ಎಂದಳು ಹೆಂಡತಿ, ಎಂದೂ ದನಿ ಎತ್ತದವಳು. "ಹನ್ನೊಂದು ದಿನ ಪಾಪ ಪಾಪ ಅಂತ ನಿಮಗೆ ಬಡಿಸಿದೆನಲ್ಲ, ಅದು. ಒಂದು ಕಂಬಿ ಕಂಡ್ರೆ ಅವರು ಏನು ಅಂತಿದ್ರು ರೀ? ನಿಮ್ಮ ಮರ್ಯಾದೆ ಒಂದು ಗಂಟೆ ಉಳೀಲಿ ಅಂತ ಅತ್ತೆ ಕೈ ಮುರೀತು!"

ಯಾರೂ ಉಣ್ಣಲಿಲ್ಲ. ತಾಯಿ ಎಡಗೈಯಲ್ಲಿ ಚಮಚ ಹಿಡಿದು, ಅರ್ಧ ಚೆಲ್ಲಿಕೊಳ್ಳುತ್ತ ಒಬ್ಬಳೇ ತಿಂದಳು. ಮೇಸ್ತ್ರಿ ಸಹಾಯಕ್ಕೆ ಕೈ ಚಾಚಿದಾಗ, "ನಾನೇ ತಿಂತೀನಿ," ಎಂದಳು.

ಮರುದಿನ ಹತ್ತು ಗಂಟೆಗೆ, ದೊಡ್ಡ ಬೀದಿಯಲ್ಲಿ ಅಂಗಡಿಗಳೆಲ್ಲ ತೆರೆದು ಜನ ಕಿಕ್ಕಿರಿದಿದ್ದಾಗ, ಮೇಸ್ತ್ರಿ ಮಂಚದ ಕೆಳಗಿನಿಂದ ಕೋಲು ತೆಗೆದ. ಮೂವತ್ತೆರಡು ಮೆಟ್ಟಿಲು ಇಳಿದ. ಪೆಟ್ಟಿಗೆ ಅಂಗಡಿಯವನು, "ಏನು ಮೇಸ್ತ್ರಿ, ಕೋಲು ಬಂತು ಕೈಗೆ?" ಎಂದ. "ಬಂತಪ್ಪ, ತಲೆಸುತ್ತು," ಎಂದು ಮೇಸ್ತ್ರಿ ನಿಲ್ಲದೆ ನಡೆದ. ಪ್ಲಂಬರನ ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯುವ ಆಸೆಯಾಯಿತು. ಕಾಯಲಿಲ್ಲ.

"ನೀವು ನಾಲ್ಕು ಸ್ಕ್ರೂ ಹಾಕಿದ್ರಿ. ನಾನೇ ನೋಡಿದ್ದೆ. ಬಿಚ್ಚಿದವನು ನಾನು, ಎರಡು ಹಾಕದೆ ಬಿಟ್ಟವನೂ ನಾನು. ಸುಳ್ಳು ಹೇಳಿದೆ."

ಪ್ಲಂಬರ್ ಕೈಯಲ್ಲಿದ್ದ ನಲ್ಲಿಯನ್ನು ಒರೆಸುತ್ತಲೇ ಇದ್ದ. "ಕಸುಬುದಾರ ಸಾರ್ ನೀವು," ಎಂದ ಕೊನೆಗೆ. "ಕಸುಬು ಗೊತ್ತಿಲ್ಲದೋರು ಹೀಗೆ ಮಾಡಿದ್ರೆ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ. ಇಲ್ಲಿ ಬಂದು ಹೇಳಿದ್ರಿ, ಸರಿ. ನಿಮ್ಮ ಬಿಲ್ಡಿಂಗಲ್ಲಿ ಯಾರು ಹೇಳ್ತಾರೆ?"

"ನಾನೇ ಹೇಳ್ತೀನಿ."

ಕಟ್ಟಡದಲ್ಲಿ ಹನ್ನೆರಡು ಮನೆ. ಮೇಸ್ತ್ರಿ ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಹತ್ತಿ, ಒಂದೊಂದೇ ಬಾಗಿಲು ತಟ್ಟಿದ. ಕೆಲವರು ಒಳಗೆ ಕರೆದು ಕೂರಿಸಿದರು, ಕೆಲವರು ಹೊಸ್ತಿಲಲ್ಲೇ ಕೇಳಿ ಕಣ್ಣರಳಿಸಿದರು, ಒಬ್ಬಾಕೆ, "ಅಯ್ಯೋ, ಹೆತ್ತ ತಾಯಿಗಾ?" ಎಂದಳು. "ಹೌದು," ಎಂದ. ಆರನೆಯ ಬಾಗಿಲಿಗೆ ಬೆವರಿ ಒದ್ದೆಯಾಗಿದ್ದ. ಹೇಳಿ ಹೇಳಿ ಹಗುರಾಗುತ್ತದೆ ಎಂದುಕೊಂಡಿದ್ದ. ಹನ್ನೊಂದನೆಯ ಬಾಗಿಲಲ್ಲೂ ಮೊದಲನೆಯದರಷ್ಟೇ ನಾಚಿಕೆಯಾಯಿತು. ಕಾರ್ಯದರ್ಶಿಯ ಮನೆ ಕೊನೆಯದು. ಅವರು ಎಲ್ಲ ಕೇಳಿ, ಟ್ಯಾಂಕಿನ ಕೆಲಸ ಮುಗಿದುಹೋಗಿದೆ, ಇನ್ನು ಮುಂದಿನ ರಿಪೇರಿಗಳಿಗೆ ಆ ಪ್ಲಂಬರನನ್ನೇ ಕರೆಯೋಣ ಎಂದರು. ಹೋದದ್ದು ಹೋಗಿಯೇ ಬಿಟ್ಟಿತ್ತು.

ನಾಲ್ಕು ದಿನ ಬಿಟ್ಟು ಪ್ಲಂಬರ್ ತಾನಾಗಿಯೇ ಬಂದ. ಮಗಳು ಬಾಗಿಲಲ್ಲೇ, "ನನ್ನಿಂದ ತಪ್ಪಾಯ್ತು," ಎಂದಳು. ಅವನು, "ಅಜ್ಜಿ ಮೇಲಿನ ಪ್ರೀತಿಗೆ ಬೈದ್ರಿ, ಬಿಡಿ," ಎಂದ. ಮೇಸ್ತ್ರಿಗೆ ಮಾತ್ರ ಏನೂ ಹೇಳಲಿಲ್ಲ. ಹಳೆಯ ತೂತು ತುಂಬಿ, ಪಕ್ಕದಲ್ಲಿ ಹೊಸದು ಕೊರೆದ. ಮೇಸ್ತ್ರಿ ಕುರ್ಚಿಯಲ್ಲಿ ಕೂತು ಕಂಬಿಯನ್ನು ನೆಟ್ಟಗೆ ಹಿಡಿದುಕೊಂಡ. ಸ್ಕ್ರೂ ತಿರುಗಿಸುವ ಮುಂಚೆ ಪ್ರತಿ ಸಲವೂ ಪ್ಲಂಬರ್ ಅವನ ಮುಖದ ಮುಂದೆ ಹಿಡಿದು, "ನೋಡ್ಕೊಳ್ಳಿ ಸಾರ್. ಒಂದು... ಎರಡು..." ಎಂದು ನಾಲ್ಕನ್ನೂ ಎಣಿಸಿದ. ಮೇಸ್ತ್ರಿ ನಾಲ್ಕು ಸಲವೂ "ನೋಡಿದೆ," ಎಂದ.

ತುಂಬಿದ ಸಿಮೆಂಟ್ ಒಣಗಲು ಒಂದು ದಿನ ಬೇಕಿತ್ತು. ಮೇಸ್ತ್ರಿ ಮಗಳ ಬಳಿ ಕೆಂಪು ಕಾಗದ ಕೇಳಿ ಪಡೆದು, "ಕೆಲಸ ಮುಗಿದಿಲ್ಲ. ಹಿಡಿಯಬೇಡಿ," ಎಂದು ಬರೆದು ಕಂಬಿಗೆ ಕಟ್ಟಿದ. ಮುಚ್ಚಳಗಳನ್ನು ತೆರೆದೇ ಬಿಟ್ಟ.

ಮಾರನೆಯ ಬೆಳಗ್ಗೆ ಪ್ಲಂಬರ್ ಬಂದು ಒತ್ತಿ, ಎಳೆದು, ಮುಚ್ಚಳ ಮುಚ್ಚಿದ. "ಅಜ್ಜಿ, ಬಾ, ಹಿಡಿದು ನೋಡು," ಎಂದಳು ಮಗಳು. ತಾಯಿ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಬಚ್ಚಲ ಬಾಗಿಲಿಗೆ ಬಂದಳು, ಒಳಗೆ ಮಾತ್ರ ಕಾಲಿಡಲಿಲ್ಲ.

"ಮೊದಲು ಅವನು ಹಿಡೀಲಿ," ಎಂದಳು.

ಮೇಸ್ತ್ರಿ ಒಳಗೆ ಹೋದ. ಅಭ್ಯಾಸಬಲದಿಂದ ಅವನ ಕೈ ಬಾಗಿಲು ಮುಚ್ಚಲು ಹೋಯಿತು.

"ತೆಗೆದೇ ಇರಲಿ. ನಾವು ನೋಡ್ಬೇಕು. ಬಗ್ಗು."

ತಾಯಿ, ಹೆಂಡತಿ, ಮಗಳು, ಪ್ಲಂಬರ್ ಎಲ್ಲರೂ ನಿಂತು ನೋಡುತ್ತಿರುವಾಗ ಮೇಸ್ತ್ರಿ ಎರಡು ಕೈಯಲ್ಲೂ ಕಂಬಿ ಹಿಡಿದು ಬಗ್ಗಿದ. ಗೋಡೆ ತಿರುಗಿತು, ಕಾಲ ಕೆಳಗಿನ ನೆಲ ಜಾರಿತು. ಅವನು ಎಲ್ಲರೆದುರು, ಬೆವರುತ್ತ, ಹಲ್ಲು ಕಚ್ಚಿ, ಚಿಕ್ಕ ಮಗುವಿನಂತೆ ಆ ಕಂಬಿಗೆ ಅಂಟಿಕೊಂಡು ನಿಂತ. ಎಲ್ಲ ನಿಲ್ಲುವವರೆಗೂ ಬಿಡಲಿಲ್ಲ. ಯಾರೂ ನಗಲಿಲ್ಲ. ಮುಖ ಎತ್ತಿ ನೋಡುವ ಧೈರ್ಯ ಮಾತ್ರ ಅವನಿಗಿರಲಿಲ್ಲ.

"ಹೂಂ, ತಡೀತು," ಎಂದಳು ತಾಯಿ. "ಈಚೆ ಬಾ ಈಗ. ಹದಿನಾರು ದಿನ ಆಯ್ತು ನಾನು ನಿಂತು ಸ್ನಾನ ಮಾಡಿ."